ಹಗಲು ಮಿಲಿಟರಿ ಲೆಕ್ಕ, ರಾತ್ರಿ ಪತ್ರಿಕೆ: ಹರೀಶ್ಚಂದ್ರ ಮುಖರ್ಜಿ ಬಗ್ಗೆ ಮಾತಾಡೋಣ

ಹಳೇಪೇಪರ್:

ಪತ್ರಿಕೆಗಳ ಚರಿತ್ರೆ ಅಂದ ಕೂಡಲೇ ನಮ್ಮ ಪಠ್ಯಪುಸ್ತಕಗಳು ರಾಮಮೋಹನ ರಾಯರಿಂದ ಹೊರಟು ಒಂದೇ ನೆಗೆತಕ್ಕೆ ತಿಲಕರ ಹತ್ತಿರ ಬಂದು ನಿಲ್ಲುತ್ತವೆ. ನಡುವೆ ಯಾರೂ ಪೇಪರ್ ನಡೆಸಲೇ ಇಲ್ಲವೇನೋ ಅನ್ನಿಸಬೇಕು. ಆ ಸಂದಿಯಲ್ಲಿ ಸಿಕ್ಕಿಕೊಂಡ ಒಬ್ಬರಿಗಾಗಿ ಈ ಎಳೆ. ಹರೀಶ್ಚಂದ್ರ ಮುಖರ್ಜಿ, ಕಲ್ಕತ್ತೆಯ 'ಹಿಂದೂ ಪೇಟ್ರಿಯಟ್' ವಾರಪತ್ರಿಕೆಯ ಸಂಪಾದಕರು. 1824ರಲ್ಲಿ ಹುಟ್ಟಿದರು, 1861ರಲ್ಲಿ ತೀರಿಕೊಂಡರು. ಬದುಕಿದ್ದು ನಲವತ್ತು ವರ್ಷವೂ ಅಲ್ಲ.

ಹುಟ್ಟಿದ್ದು ಭವಾನೀಪುರದಲ್ಲಿ, ತಾಯಿಯ ತವರುಮನೆಯಲ್ಲಿ. ಕುಲೀನ ಬ್ರಾಹ್ಮಣರ ಮನೆ. ಕುಲೀನ ಅಂದರೆ ಸಿರಿವಂತರು ಅಂದುಕೊಳ್ಳಬೇಡಿ. ಆಗಿನ ಬಂಗಾಳದಲ್ಲಿ ಕುಲೀನ ಗಂಡಸರು ಹಲವು ಮದುವೆ ಆಗುತ್ತಿದ್ದರು. ಹೆಂಡತಿಯರು ತವರಲ್ಲೇ ಉಳಿಯುತ್ತಿದ್ದರು. ಮಕ್ಕಳು ಸೋದರಮಾವನ ಮನೆಯ ಅನ್ನದಲ್ಲಿ ಬೆಳೆಯುತ್ತಿದ್ದವು. ಹರೀಶರೂ ಹಾಗೇ ಬೆಳೆದರು. ಭವಾನೀಪುರದ ಯೂನಿಯನ್ ಸ್ಕೂಲಿನಲ್ಲಿ ಒಂದಷ್ಟು ಇಂಗ್ಲಿಷ್ ಕಲಿತರು. ಬಡತನ ತಡೆಯದೆ ಹದಿನಾಲ್ಕರ ಆಸುಪಾಸಿನಲ್ಲಿ ಶಾಲೆ ಬಿಟ್ಟರು.

ಆ ದಿನಗಳ ಬಗ್ಗೆ ಅವರ ಜೀವನಚರಿತ್ರೆ ಬರೆದವರೆಲ್ಲ ಒಂದು ಪ್ರಸಂಗ ಹೇಳುತ್ತಾರೆ. ಮಳೆ ಸುರಿಯುತ್ತಿದೆ, ಮನೆಯಲ್ಲಿ ಅಕ್ಕಿ ಇಲ್ಲ. ಊಟದ ಹಿತ್ತಾಳೆ ತಟ್ಟೆ ಅಡವಿಡೋಣ ಅಂತ ಹುಡುಗ ಯೋಚಿಸುತ್ತಿದ್ದಾನೆ. ಅಷ್ಟರಲ್ಲಿ ಯಾವುದೋ ಜಮೀನ್ದಾರರ ಮುಖ್ತಾರ, ಅಂದರೆ ಕೋರ್ಟು ವ್ಯವಹಾರ ನೋಡುವ ಆಳು, ಬಂದು ಒಂದು ಬಂಗಾಳಿ ಕಾಗದವನ್ನು ಇಂಗ್ಲಿಷಿಗೆ ಮಾಡಿಸಿಕೊಂಡು 2 ರೂಪಾಯಿ ಕೊಟ್ಟುಹೋದ. ಮಳೆ ಗಿಳೆ ಆಮೇಲೆ ಸೇರಿದ್ದಿರಬಹುದು. ಅರ್ಜಿ ಬರೆದು, ಕಾಗದಪತ್ರ ತರ್ಜುಮೆ ಮಾಡಿ ಹೊಟ್ಟೆ ಹೊರೆದದ್ದಂತೂ ನಿಜ.

ಮೊದಲ ಖಾಯಂ ಕೆಲಸ ಟುಲ್ಲೋ ಕಂಪನಿ ಅನ್ನುವ ಹರಾಜು ಮಳಿಗೆಯಲ್ಲಿ. ಸಂಬಳ ತಿಂಗಳಿಗೆ 10 ರೂಪಾಯಿ. ಜಾಸ್ತಿ ಮಾಡಿ ಅಂದರು, ಮಾಡಲಿಲ್ಲ, ಬಿಟ್ಟರು. 1848ರಲ್ಲಿ ಮಿಲಿಟರಿ ಆಡಿಟರ್ ಜನರಲ್ ಕಚೇರಿಯಲ್ಲಿ 25 ರೂಪಾಯಿಯ ಗುಮಾಸ್ತರಾಗಿ ಸೇರಿಕೊಂಡರು. ಕೊನೆಗೆ ಅದೇ ಕಚೇರಿಯಲ್ಲಿ 400 ರೂಪಾಯಿ ಸಂಬಳದ ಹುದ್ದೆಗೆ ಏರಿದರು. ಕಾಲೇಜು ಮೆಟ್ಟಿಲು ಹತ್ತದವರಿಗೆ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಸಂಜೆ ಹೊತ್ತು ಕಲ್ಕತ್ತಾ ಪಬ್ಲಿಕ್ ಲೈಬ್ರರಿಯಲ್ಲಿ ಕೂತು ಕಾನೂನು, ಚರಿತ್ರೆ, ಇಂಗ್ಲೆಂಡಿನ ಹಳೇ ಪತ್ರಿಕೆಗಳು, ಏನು ಸಿಕ್ಕಿದರೆ ಅದನ್ನು ಓದಿದರು.

ಹಿಂದೂ ಪೇಟ್ರಿಯಟ್ ಶುರುವಾದದ್ದು 1853ರ ಜನವರಿಯಲ್ಲಿ. ಮುದ್ರಣಾಲಯ ಬಡಾಬಜಾರಿನ ಮಧುಸೂದನ ರಾಯ್ ಅವರದು. ಮೊದಲ ಸಂಪಾದಕರು ಗಿರೀಶಚಂದ್ರ ಘೋಷ್. ಪತ್ರಿಕೆ ನಷ್ಟದಲ್ಲೇ ನಡೆಯಿತು, ಮಾಲೀಕರಿಗೆ ಸಾಕಾಯಿತು. 1855ರಲ್ಲಿ ಹರೀಶರು ಅದನ್ನು ಕೊಂಡು ಭವಾನೀಪುರಕ್ಕೆ ತಂದರು. ಕಾಗದದ ಮೇಲೆ ಮಾಲೀಕರು ಅಣ್ಣ ಹಾರಾಣಚಂದ್ರ. ತಮ್ಮ ಸರ್ಕಾರಿ ನೌಕರ ನೋಡಿ, ಅದಕ್ಕೆ.

ನನ್ನ ವಾದ ಒಂದೇ. ಇವರನ್ನು ಸಂಪಾದಕರನ್ನಾಗಿ ರೂಪಿಸಿದ್ದು ಆ ಗುಮಾಸ್ತಿಕೆ. ನೀಲಿ ಬೆಳೆಯ, ಅಂದರೆ ಬಣ್ಣಕ್ಕಾಗಿ ಬೆಳೆಯುವ ಇಂಡಿಗೋ ಗಿಡದ, ದಂಗೆಯಲ್ಲಿ ಅವರು ಮಾಡಿದ್ದೂ ಒಂದು ರೀತಿಯ ಆಡಿಟ್ಟೇ. ಮುಂದೆ ಬರೆಯುತ್ತೇನೆ. ಮೊದಲು ನೀವು ಹೇಳಿ.

ಸುಮ್ನೆಓದುವವ:

ಹೆಸರು ನೋಡಿ ವಿಶ್ವಾಮಿತ್ರ, ಸ್ಮಶಾನ ಎಲ್ಲ ಬರುತ್ತೆ ಅಂತ ಒಳಗೆ ಬಂದೆ 😄

ಒಂದು ಅನುಮಾನ. ಸೈನ್ಯದ ಲೆಕ್ಕಪತ್ರ ನೋಡುವ ನೌಕರ ಅದೇ ಸರ್ಕಾರವನ್ನು ಬಯ್ಯುವ ಪೇಪರ್ ನಡೆಸೋದಾ? ಅಣ್ಣನ ಹೆಸರು ಹಾಕಿಕೊಂಡರೆ ಗೊತ್ತಾಗದೇ ಇರುತ್ತಾ?

ಹಳೇಪೇಪರ್:

ಎಲ್ಲರಿಗೂ ಗೊತ್ತಿತ್ತು. ಕಚೇರಿಯ ಮೇಲಿನವರಿಗೂ ಗೊತ್ತಿತ್ತು. ಕೆಲಸದಲ್ಲಿ ಒಂದು ಕಾಸಿನ ತಪ್ಪು ಹುಡುಕಲಾಗದ ನೌಕರನನ್ನು ಕಳೆದುಕೊಳ್ಳಲು ಅವರಿಗೂ ಮನಸ್ಸಿರಲಿಲ್ಲ ಅಂತ ಕಾಣುತ್ತೆ. ಇನ್ನೊಂದು ವಿಷಯ. ಪೇಟ್ರಿಯಟ್ ಬಯ್ಯುವ ಪೇಪರ್ ಆಗಿರಲಿಲ್ಲ. ಸರ್ಕಾರ ತನ್ನ ಕಾನೂನನ್ನೇ ತಾನು ಪಾಲಿಸುತ್ತಿಲ್ಲ ಅಂತ ಕಲಂ ಸಮೇತ ತೋರಿಸುವ ಪೇಪರ್. ಬೈದರೆ ಬಾಯಿ ಮುಚ್ಚಿಸಬಹುದು, ಕಲಂ ತೋರಿಸುವವನನ್ನು ಏನು ಮಾಡೋದು?

ಮೇಷ್ಟ್ರು_ನಿವೃತ್ತ:

ಒಳ್ಳೆ ಎಳೆ. ಆದರೆ ಆರತಿ ಎತ್ತುವ ಮೊದಲು ಮೂರು ಪ್ರಶ್ನೆ.

1857ರಲ್ಲಿ ಈ ಮಹಾಶಯರು ಯಾರ ಕಡೆ ಇದ್ದರು? ಬ್ರಿಟಿಷರ ಕಡೆ. ಅವರು ಸದಸ್ಯರಾಗಿದ್ದ ಬ್ರಿಟಿಷ್ ಇಂಡಿಯನ್ ಅಸೋಸಿಯೇಷನ್ ಯಾರದ್ದು? ಜಮೀನ್ದಾರರದ್ದು. ಪತ್ರಿಕೆ ಯಾವ ಭಾಷೆಯಲ್ಲಿತ್ತು? ಇಂಗ್ಲಿಷಿನಲ್ಲಿ. ನದಿಯಾ ಜಿಲ್ಲೆಯ ಯಾವ ರೈತ ಅದನ್ನು ಓದಿದ? ಜಮೀನ್ದಾರರಿಗೂ ನೀಲಿ ದೊರೆಗಳಿಗೂ, ಅಂದರೆ ನೀಲಿ ಬೆಳೆಸುತ್ತಿದ್ದ ಬಿಳಿಯರಿಗೂ, ಭೂಮಿಗಾಗಿ ಪೈಪೋಟಿ ಇತ್ತು. ಆ ಜಗಳದಲ್ಲಿ ರೈತನ ಹೆಸರು ಬಳಕೆಯಾಯಿತು ಅಂತ ಯಾಕೆ ಹೇಳಬಾರದು?

ಹಳೇಪೇಪರ್:

ಮೇಷ್ಟ್ರೇ, ಮೂರೂ ನ್ಯಾಯವಾದ ಪ್ರಶ್ನೆ.

1857 ಮೊದಲು. ದಂಗೆಕೋರ ಸಿಪಾಯಿಗಳನ್ನು ಪೇಟ್ರಿಯಟ್ ಬೆಂಬಲಿಸಲಿಲ್ಲ, ನಿಜ. ಕಲ್ಕತ್ತೆಯಲ್ಲಿ ಓದಿಕೊಂಡವರಲ್ಲಿ ಬೆಂಬಲಿಸಿದವರು ಬಹಳ ಕಡಿಮೆ. ಆದರೆ ಆ ಬೇಸಿಗೆಯ ಕಲ್ಕತ್ತೆ ಹೇಗಿತ್ತು ನೆನಪಿಸಿಕೊಳ್ಳಿ. ಊರಿನ ಬಿಳಿಯರು ಸೇಡು ಸೇಡು ಅಂತ ಕೂಗುತ್ತಿದ್ದರು. ಗವರ್ನರ್ ಜನರಲ್ ಕ್ಯಾನಿಂಗ್ ಸಾಲದಷ್ಟು ಜನರನ್ನು ನೇಣಿಗೆ ಹಾಕುತ್ತಿಲ್ಲ ಅಂತ ಅವರಿಗೆ ಸಿಟ್ಟು. 'ದಯಾಳು ಕ್ಯಾನಿಂಗ್' ಅಂತ ಹಂಗಿಸಿದರು, ವಾಪಸ್ ಕರೆಸಿಕೊಳ್ಳಿ ಅಂತ ಲಂಡನ್ನಿಗೆ ಅರ್ಜಿ ಕಳಿಸಿದರು. ಜೂನಿನಲ್ಲಿ ಪತ್ರಿಕೆಗಳಿಗೆ ಲೈಸೆನ್ಸ್ ಕಾನೂನು ಬಂತು. ಬಿಳಿಯರದ್ದೇ ಆದ 'ಬೆಂಗಾಲ್ ಹರ್ಕಾರು' ಪತ್ರಿಕೆಯ ಲೈಸೆನ್ಸ್ ಸ್ವಲ್ಪ ದಿನ ರದ್ದಾಯಿತು. ಅಂಥ ಹೊತ್ತಲ್ಲಿ ಹರೀಶರು ವಾರವಾರವೂ ಬರೆದದ್ದು: ಹಿಂದಿನ ಗವರ್ನರ್ ಜನರಲ್ ಡಾಲ್‌ಹೌಸಿ ರಾಜ್ಯಗಳನ್ನು ನುಂಗಿದ್ದು ತಪ್ಪು, ಈಗ ನಿರಪರಾಧಿಗಳ ಮೇಲೆ ಸೇಡು ತೀರಿಸಿಕೊಳ್ಳುವುದು ಇನ್ನೂ ದೊಡ್ಡ ತಪ್ಪು. 1857ರ ಮೇ ಸಂಚಿಕೆಯಲ್ಲೇ, ಬ್ರಿಟಿಷ್ ಆಳ್ವಿಕೆ ಇರುವುದೇ ಒಂದು ಭಾರ, ಅದು ತಟ್ಟದ ಭಾರತೀಯ ಒಬ್ಬನೂ ಇಲ್ಲ ಅನ್ನುವ ಅರ್ಥದ ಮಾತು ಬರೆದಿದ್ದಾರೆ. ಮುಂದಿನ ಜನವರಿಯಲ್ಲಿ, ಭಾರತದ ಪ್ರಶ್ನೆಗಳನ್ನು ಭಾರತೀಯರೇ ಬಗೆಹರಿಸಬೇಕಾದ ಕಾಲ ಹತ್ತಿರ ಬಂತು ಅಂತ ಬರೆದರು. ರಾಜಭಕ್ತ ಬರೆಯುವ ಸಾಲು ಇದಲ್ಲ, ಅಲ್ವಾ? ಬಂಡಾಯಗಾರ ಬರೆಯುವ ಸಾಲೂ ಅಲ್ಲ. ಅವರು ನಿಂತಿದ್ದ ಜಾಗ ಇಕ್ಕಟ್ಟಿನದು.

ಪತ್ರಿಕೆ ಹೊರಬರುವ ದಿನ ಕ್ಯಾನಿಂಗ್ ಕಡೆಯ ಆಳು ಅಚ್ಚುಮನೆಗೇ ಬಂದು ಪ್ರತಿ ಒಯ್ಯುತ್ತಿದ್ದನಂತೆ. ಕಥೆ ಇರಬಹುದು. ಆದರೆ ಭಾಷೆಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ರೈತ ಓದಲಿ ಅಂತ ಅವರು ಬರೆಯಲಿಲ್ಲ. ರೈತನ ಮೇಲೆ ಕಾನೂನು ಮಾಡುವವನು ಓದಲಿ ಅಂತ ಬರೆದರು.

ಬಯಲುಸೀಮೆ_ಹೊಲ:

ಅಣ್ಣಾ, ಈ ನೀಲಿ ಬೆಳೆ ವ್ಯವಹಾರ ಸ್ವಲ್ಪ ಬಿಡಿಸಿ ಹೇಳಿ. ಬೇಡ ಅಂದರೆ ಬೆಳೆಯೋದು ಬಿಡಬಹುದಿತ್ತಲ್ಲ? ಎಲ್ಲಿ ಸಿಕ್ಕಿಹಾಕಿಕೊಂಡರು?

ಕಡತಪ್ರಿಯೆ:

ಇದಕ್ಕೆ ನಾನು ಹೇಳುತ್ತೇನೆ. ಈ ಬೆಳೆಯ ಬಗ್ಗೆ ಸರ್ಕಾರ ನೇಮಿಸಿದ 1860ರ ನೀಲಿ ಆಯೋಗದ ಸಾಕ್ಷ್ಯಗಳನ್ನು ಸಾಕಷ್ಟು ಓದಿದ್ದೇನೆ.

ಕೆಳ ಬಂಗಾಳದಲ್ಲಿ, ಅಂದರೆ ನದಿಯಾ, ಜೆಸ್ಸೋರ್ ಕಡೆ, ನೀಲಿ ದೊರೆಗಳು ತಮ್ಮ ಜಮೀನಿನಲ್ಲಿ ಬೆಳೆದದ್ದು ಕಡಿಮೆ. ಹೆಚ್ಚಿನದನ್ನು ರೈತರ ಜಮೀನಿನಲ್ಲಿ, ರೈತರ ನೇಗಿಲಿನಿಂದಲೇ ಬೆಳೆಸಿದರು. ದಾರಿ ಯಾವುದು ಅಂದರೆ ಮುಂಗಡ. ಅಲ್ಲಿ ಅದಕ್ಕೆ ದಾದನ್ ಅನ್ನುತ್ತಾರೆ. ಒಂದು ಬಿಘಾಕ್ಕೆ, ಅಂದರೆ ಎಕರೆಯ ಮೂರನೇ ಒಂದು ಭಾಗಕ್ಕೆ, ಸುಮಾರು 2 ರೂಪಾಯಿ. ಅದನ್ನು ತೆಗೆದುಕೊಂಡರೆ ಒಪ್ಪಂದ ಆದಹಾಗೆ.

ಈಗ ಲೆಕ್ಕ ನೋಡಿ. ಒಪ್ಪಂದದ ಸ್ಟಾಂಪ್ ಕಾಗದದ ದುಡ್ಡು ರೈತನ ಲೆಕ್ಕಕ್ಕೆ. ಬೀಜದ ದುಡ್ಡು ರೈತನ ಲೆಕ್ಕಕ್ಕೆ. ಕಾರ್ಖಾನೆಗೆ, ಅವರು ಕುಠಿ ಅನ್ನುತ್ತಾರೆ, ಗಿಡ ಸಾಗಿಸುವ ಖರ್ಚೂ ಅವನದೇ. ಬಿಘಾ ಅಳೆಯುವವನು ಕುಠಿಯ ಆಳು. ಅವನ ಅಳತೆಗೋಲು ಊರಿನ ಅಳತೆಗಿಂತ ಉದ್ದ. ಗಿಡವನ್ನು ಕಟ್ಟು ಲೆಕ್ಕದಲ್ಲಿ ಕೊಳ್ಳುತ್ತಾರೆ. ಕಟ್ಟಿನ ಸುತ್ತ ಸರಪಳಿ ಹಾಕಿ ಅಳೆಯುವವನೂ ಅವನೇ. ತುಳಿದು ಬಿಗಿದರೆ ಎರಡು ಕಟ್ಟು ಒಂದಾಗುತ್ತೆ. ವರ್ಷದ ಕೊನೆಗೆ ರೈತ ಬಾಕಿದಾರ. ಬಾಕಿ ಮುಂದಿನ ವರ್ಷಕ್ಕೆ, ಆಮೇಲೆ ಮಗನ ಹೆಸರಿಗೆ. ಅಪ್ಪ ತೆಗೆದುಕೊಂಡ ಮುಂಗಡಕ್ಕೆ ತಾವು ಬಿತ್ತುತ್ತಿದ್ದೇವೆ ಅಂತ ಆಯೋಗದ ಮುಂದೆ ಹೇಳಿದವರಿದ್ದಾರೆ. ಖಾಲಿ ಸ್ಟಾಂಪ್ ಕಾಗದಕ್ಕೆ ಗುರುತು ಹಾಕಿಸಿಕೊಂಡು ಆಮೇಲೆ ತುಂಬಿದ ದೂರುಗಳೂ ಇವೆ.

ಬಿತ್ತನೆ ಕಾಲಕ್ಕೆ ಒಳ್ಳೆ ಮಣ್ಣಿಗೆ ಕುಠಿಯವರು ಬಂದು ಗುರುತು ಹಾಕುತ್ತಾರೆ. ಭತ್ತ ಹಾಕಬೇಕಾದ ನೆಲ ಅದು. ಒಲ್ಲೆ ಅಂದರೆ ಲಾಠಿಯಾಲರು, ಅಂದರೆ ದೊಣ್ಣೆ ಹಿಡಿದ ಬಾಡಿಗೆ ಆಳುಗಳು, ದನ ಹೊಡೆದುಕೊಂಡು ಹೋಗುತ್ತಾರೆ. ಇಲ್ಲವೇ ಮನುಷ್ಯನನ್ನೇ ಎತ್ತಿಕೊಂಡು ಹೋಗಿ ಕುಠಿಯ ಗೋದಾಮಿನಲ್ಲಿ ಕೂಡಿಹಾಕುತ್ತಾರೆ.

ಇಂಥ ಕಡೆ 'ಬಿಡಬಹುದಿತ್ತಲ್ಲ' ಅನ್ನುವ ಮಾತು ಹೇಗೆ ಬರುತ್ತೆ ಹೇಳಿ.

ಬಯಲುಸೀಮೆ_ಹೊಲ:

ಅರ್ಥ ಆಯಿತು ಮೇಡಂ. ಕಬ್ಬು ಕಾರ್ಖಾನೆ ತೂಕದ ಸೇತುವೆ ಮುಂದೆ ಗಾಡಿ ನಿಲ್ಲಿಸಿಕೊಂಡು ರಾತ್ರಿ ಕಳೆದವನಿಗೆ ಈ ಸರಪಳಿ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ತೂಕ ಅವರದು, ಲೆಕ್ಕ ಅವರದು. ನಮ್ಮದು ಕಬ್ಬು ಮಾತ್ರ.

ಮತ್ತೆ ಇದು ಒಡೆದದ್ದು ಹೇಗೆ?

ಕಡತಪ್ರಿಯೆ:

ಒಂದೇ ಕಡೆಯಿಂದ ಒಡೆಯಲಿಲ್ಲ. 1859ರಲ್ಲಿ ಬಾರಾಸಾತ್‌ನ ಮ್ಯಾಜಿಸ್ಟ್ರೇಟ್ ಆಶ್ಲೀ ಈಡನ್, ರೈತ ತನ್ನ ಜಮೀನಿನಲ್ಲಿ ಏನು ಬಿತ್ತಬೇಕು ಅನ್ನುವುದು ಅವನ ಇಷ್ಟ ಅನ್ನುವ ನಿಲುವು ತೆಗೆದುಕೊಂಡರು. ಕಲಾರೋವಾದ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಹೇಮಚಂದ್ರ ಕರ್ ಅದನ್ನೇ ಬಂಗಾಳಿಯಲ್ಲಿ ಪರವಾನೆಯಾಗಿ, ಅಂದರೆ ಸರ್ಕಾರಿ ಆದೇಶವಾಗಿ, ಹೊರಡಿಸಿದರು. ಸುದ್ದಿ ಊರಿಂದ ಊರಿಗೆ ಹರಡಿತು. ನದಿಯಾದ ಚೌಗಾಛಾ ಗ್ರಾಮದಲ್ಲಿ ದಿಗಂಬರ ಬಿಸ್ವಾಸ್, ವಿಷ್ಣುಚರಣ ಬಿಸ್ವಾಸ್ ಅನ್ನುವವರು ನೀಲಿ ಬಿತ್ತುವುದಿಲ್ಲ ಅಂತ ಊರನ್ನು ಕಟ್ಟಿದರು. ಇವರಿಬ್ಬರೂ ಮೊದಲು ಕುಠಿಯಲ್ಲೇ ಕೆಲಸ ಮಾಡಿದವರು! 1860ರ ವಸಂತದ ಬಿತ್ತನೆ ಹೊತ್ತಿಗೆ ಜಿಲ್ಲೆಗೆ ಜಿಲ್ಲೆಯೇ ಕೈಕಟ್ಟಿ ಕೂತಿತ್ತು.

ಸರ್ಕಾರ ಆ ಮಾರ್ಚಿನಲ್ಲಿ ಎರಡು ಕೆಲಸ ಒಟ್ಟಿಗೆ ಮಾಡಿತು. ಆಯೋಗ ನೇಮಿಸಿತು. ಜೊತೆಗೇ ಒಪ್ಪಂದ ಮುರಿದ ರೈತನನ್ನು ಸರಸರನೆ ಜೈಲಿಗೆ ಕಳಿಸುವ ಕಾನೂನನ್ನೂ ತಂದಿತು, ಆರು ತಿಂಗಳಿಗೆ. ಹರೀಶರ ಮನೆ ಮುಂದೆ ಜನ ಸೇರಿದ್ದು ಈ ಆರು ತಿಂಗಳಲ್ಲಿ.

ಹಳೇಪೇಪರ್:

ನಾನು ಹೇಳಬೇಕು ಅಂದುಕೊಂಡಿದ್ದ ಜಾಗಕ್ಕೆ ಮೇಡಂ ತಂದು ನಿಲ್ಲಿಸಿದರು.

ನದಿಯಾ, ಜೆಸ್ಸೋರ್‌ನಿಂದ ರೈತರು ಗುಂಪು ಗುಂಪಾಗಿ ಭವಾನೀಪುರಕ್ಕೆ ಬಂದರು. ಉಳಿಯಲು ಜಾಗ ಇಲ್ಲ, ಹರೀಶರ ಮನೆಯಲ್ಲೇ ಉಳಿದರು. ಊಟ ಅಲ್ಲೇ. ಇವರು ಹಗಲು ಕಚೇರಿಗೆ ಹೋಗಿ ಸೈನ್ಯದ ಬಿಲ್ಲುಗಳನ್ನು ತಿದ್ದಿ ಬರುತ್ತಿದ್ದರು. ಸಂಜೆಯಿಂದ ಅವರ ಮುಂದೆ ಕೂತು ಒಬ್ಬೊಬ್ಬನನ್ನೇ ಕೇಳುತ್ತಿದ್ದರು. ಅರ್ಜಿ ಬರೆದುಕೊಡುತ್ತಿದ್ದರು. ಯಾವ ಕೋರ್ಟಿಗೆ ಹೋಗಬೇಕು, ಯಾವ ವಕೀಲರು ಅಂತ ಹೇಳಿ ಕಳಿಸುತ್ತಿದ್ದರು. ಖರ್ಚು ತಮ್ಮ ಸಂಬಳದಿಂದ. ಪತ್ರಿಕೆಗೆ ಬರೆಯುವ ಕೆಲಸ ಇದೆಲ್ಲ ಮುಗಿದ ಮೇಲೆ, ರಾತ್ರಿ.

ಹೆಸರು, ಊರು, ಯಾವ ಕುಠಿ, ಎಷ್ಟು ಬಿಘಾ ಅಂತ ಒಂದೊಂದೇ ಕೇಳಿ ಬರೆದುಕೊಂಡಾಗ ಅರ್ಜಿಯೇ ಸುದ್ದಿಯಾಗುತ್ತೆ. ಪೇಟ್ರಿಯಟ್‌ನಲ್ಲಿ ಬಂದ ನೀಲಿ ಬರಹಗಳ ಬಲ ಇದೇ. 'ರೈತರು ಕಷ್ಟದಲ್ಲಿದ್ದಾರೆ' ಅಂತ ಯಾರು ಬೇಕಾದರೂ ಬರೆಯಬಹುದು. 'ಇಂಥ ಕುಠಿಯವರು ಇಂಥ ಊರಿನಲ್ಲಿ ಇಂಥವನ ದನ ಹೊಡೆದುಕೊಂಡು ಹೋದರು, ಇಂಥ ಮ್ಯಾಜಿಸ್ಟ್ರೇಟ್ ದೂರು ತೆಗೆದುಕೊಳ್ಳಲಿಲ್ಲ' ಅಂತ ಅಚ್ಚಾದರೆ ಯಾರಾದರೂ ಉತ್ತರ ಕೊಡಲೇಬೇಕು. 1860ರಲ್ಲಿ ಆಯೋಗ ಅವರನ್ನೇ ಸಾಕ್ಷಿಯಾಗಿ ಕರೆಯಿತು. ರೈತರು ತಮ್ಮ ಹತ್ತಿರ ಬರುವುದನ್ನೂ ತಾವು ಸಲಹೆ ಕೊಡುವುದನ್ನೂ ಅಲ್ಲಿ ಮುಚ್ಚಿಡಲಿಲ್ಲ.

ದೊರೆಗಳ ಕಡೆಗೆ 'ಇಂಗ್ಲಿಷ್‌ಮನ್', 'ಹರ್ಕಾರು' ಅನ್ನುವ ದೊಡ್ಡ ದಿನಪತ್ರಿಕೆಗಳಿದ್ದವು. ಈ ಕಡೆಗೆ ವಾರಕ್ಕೊಮ್ಮೆ ಬರುವ, ಸ್ವಂತ ಸಂಬಳ ಸುರಿದು ನಡೆಸುವ ಒಂದು ಪೇಪರ್.

ಸುಮ್ನೆಓದುವವ:

ಊರೂರಿಂದ ಸುದ್ದಿ ಕಳಿಸುವವರು ಯಾರು? ಬರೀ ಮನೆಗೆ ಬಂದವರು ಹೇಳಿದ್ದಾ?

ಕಡತಪ್ರಿಯೆ:

ಜಿಲ್ಲೆಗಳಿಂದ ಪತ್ರ ಬರೆಯುವವರಿದ್ದರು. ಅವರಲ್ಲಿ ಒಬ್ಬ ಜೆಸ್ಸೋರ್‌ನ ಹುಡುಗ, ಆಗಿನ್ನೂ ಇಪ್ಪತ್ತು ವರ್ಷ. ಬರೀ ಇನಿಶಿಯಲ್ ಹಾಕಿ ಪೇಟ್ರಿಯಟ್‌ಗೆ ಕಾಗದ ಬರೆಯುತ್ತಿದ್ದ. ಹೆಸರು ಶಿಶಿರಕುಮಾರ ಘೋಷ್. ಎಂಟು ವರ್ಷದ ಮೇಲೆ, 1868ರಲ್ಲಿ, 32 ರೂಪಾಯಿ ಕೊಟ್ಟು ಒಂದು ಮರದ ಅಚ್ಚುಯಂತ್ರ ತಂದು ತನ್ನ ಹಳ್ಳಿಯಲ್ಲೇ ಪತ್ರಿಕೆ ಶುರು ಮಾಡಿದ. ಅದೇ 'ಅಮೃತ ಬಜಾರ್ ಪತ್ರಿಕಾ'. ಅಮೃತ ಬಜಾರ್ ಅಂದರೆ ಅವರ ಊರು, ತಾಯಿ ಅಮೃತಮಯಿಯ ಹೆಸರಿನಲ್ಲಿ ಕಟ್ಟಿದ ಪೇಟೆ. 1871ರಲ್ಲಿ ಪತ್ರಿಕೆ ಕಲ್ಕತ್ತೆಗೆ ಬಂತು. 1878ರ ಮಾರ್ಚಿನಲ್ಲಿ ವೈಸರಾಯ್ ಲಿಟ್ಟನ್ ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಾಗ, ಅದುವರೆಗೆ ಬಂಗಾಳಿ ಇಂಗ್ಲಿಷ್ ಎರಡರಲ್ಲೂ ಬರುತ್ತಿದ್ದ ಪತ್ರಿಕೆ ವಾರದೊಳಗೆ ಪೂರ್ತಿ ಇಂಗ್ಲಿಷ್ ಆಗಿ ಹೊರಬಂತು. ಕಾನೂನು ಇದ್ದದ್ದು ದೇಶಭಾಷೆಗಳಿಗೆ ಮಾತ್ರ!

ಮೇಷ್ಟ್ರು ಇಂಗ್ಲಿಷ್ ಯಾಕೆ ಅಂತ ಕೇಳಿದ್ದರಲ್ಲ. ಆ ಕಾಲದಲ್ಲಿ ಇಂಗ್ಲಿಷ್ ಒಂದು ರೀತಿಯ ಗುರಾಣಿಯೂ ಆಗಿತ್ತು.

ಕಲ್ಕತ್ತಾ_ಕನ್ನಡಿಗ:

ಇಲ್ಲಿ ಕೆಲಸಕ್ಕೆ ಬಂದು ಸುಮಾರು ವರ್ಷ ಆಯಿತು. ಹರೀಶ್ ಮುಖರ್ಜಿ ರಸ್ತೆ ಅಂದರೆ ನನಗೆ ಪಿಜಿ ಆಸ್ಪತ್ರೆಯಿಂದ ಹಾಜ್ರಾ ಕಡೆ ಹೋಗುವ ಟ್ಯಾಕ್ಸಿ ದಾರಿ, ಅಷ್ಟೇ. ಅದರ ಪಕ್ಕದಲ್ಲೇ ಹರೀಶ್ ಪಾರ್ಕ್ ಇದೆ. ಆಫೀಸಿನ ಬಂಗಾಳಿ ಗೆಳೆಯರನ್ನು ಈ ಎಳೆ ಓದಿದ ಮೇಲೆ ಕೇಳಿದೆ. ಒಬ್ಬರು ಯಾರೋ ಶಾಸಕರು ಅಂದರು. ಇನ್ನೊಬ್ಬರ ಅಮ್ಮನಿಗೆ ಮಾತ್ರ ಗೊತ್ತಿತ್ತು. ಅವರು ತಕ್ಷಣ ನೀಲಿ ಕಾಲದ ಒಂದು ಜನಪದ ಹಾಡು ಹೇಳಿದರಂತೆ: ನೀಲಿ ಕೋತಿಗಳು ಚಿನ್ನದ ಬಂಗಾಳವನ್ನು ಹಾಳುಮಾಡಿದವು, ಅಕಾಲದಲ್ಲಿ ಹರೀಶ ಸತ್ತ, ಲಾಂಗ್ ಸೆರೆಮನೆ ಸೇರಿದ ಅನ್ನುವ ಅರ್ಥದ್ದು.

ಲಾಂಗ್ ಯಾರು?

ಹಳೇಪೇಪರ್:

ರೆವರೆಂಡ್ ಜೇಮ್ಸ್ ಲಾಂಗ್, ಐರಿಶ್ ಪಾದ್ರಿ. ದೀನಬಂಧು ಮಿತ್ರರು 1860ರಲ್ಲಿ ಢಾಕಾದಿಂದ ನೀಲಿ ದೊರೆಗಳ ದೌರ್ಜನ್ಯ ತೋರಿಸುವ 'ನೀಲದರ್ಪಣ' ನಾಟಕ ಪ್ರಕಟಿಸಿದರು. ಅಂಚೆ ಇಲಾಖೆಯ ನೌಕರರಾದ್ದರಿಂದ ಹೆಸರು ಹಾಕಿಕೊಳ್ಳಲಿಲ್ಲ. ಅದರ ಇಂಗ್ಲಿಷ್ ಅನುವಾದವನ್ನು ಲಾಂಗ್ ಅಚ್ಚು ಹಾಕಿಸಿದರು. ಮುನ್ನುಡಿಯಲ್ಲಿ ಒಂದು ಕುಟುಕು ಇತ್ತು: ಮೂವತ್ತು ಕಾಸಿಗೆ ಯೂದ ಏಸುವನ್ನು ಮಾರಿದ, ಸಾವಿರ ರೂಪಾಯಿ ಆಸೆಗೆ ಎರಡು ಪತ್ರಿಕೆಯವರು ಬಡವರನ್ನು ಮಾರಿದರೆ ಆಶ್ಚರ್ಯವೇನು ಅಂತ. ಪತ್ರಿಕೆಗಳ ಹೆಸರು ಹಾಕಿರಲಿಲ್ಲ, ಆದರೂ ಇಂಗ್ಲಿಷ್‌ಮನ್‌ನವರು ಕೋರ್ಟಿಗೆ ಹೋದರು. 1861ರ ಜುಲೈನಲ್ಲಿ ಲಾಂಗ್‌ಗೆ ಒಂದು ತಿಂಗಳ ಸೆರೆ, 1000 ರೂಪಾಯಿ ದಂಡ. ದಂಡದ ಹಣವನ್ನು ಕೋರ್ಟಿನಲ್ಲೇ ಕಟ್ಟಿದ್ದು ಕಾಳೀಪ್ರಸನ್ನ ಸಿಂಹ ಅನ್ನುವ ಇಪ್ಪತ್ತರ ಹರೆಯದ ಸಿರಿವಂತ. ಮಹಾಭಾರತವನ್ನು ಬಂಗಾಳಿ ಗದ್ಯಕ್ಕೆ ತಂದವರು ಅವರೇ.

ಹರೀಶರು ಈ ವಿಚಾರಣೆ ನೋಡಲಿಲ್ಲ. 1861ರ ಜೂನ್‌ನಲ್ಲೇ ಕ್ಷಯದಿಂದ ತೀರಿಕೊಂಡಿದ್ದರು.

ಮೇಷ್ಟ್ರು_ನಿವೃತ್ತ:

ಕ್ಷಯ ಸರಿ. ಕುಡಿತದ ಮಾತನ್ನೂ ಹೇಳಿಬಿಡಿ. ಮುಚ್ಚಿಟ್ಟರೆ ಇದು ಜಯಂತಿ ಭಾಷಣ ಆಗುತ್ತೆ.

ಹಳೇಪೇಪರ್:

ಕುಡಿಯುತ್ತಿದ್ದರು, ಜಾಸ್ತಿಯೇ. ಅವರನ್ನು ಮೆಚ್ಚಿ ಬರೆದವರೂ ಅದನ್ನು ಬರೆದಿದ್ದಾರೆ. ಎರಡು ಪಾಳಿಯ ಕೆಲಸ, ಮನೆ ತುಂಬ ಜನ, ನಡುವೆ ಬಾಟಲಿ. ದೇಹ ಎಷ್ಟು ದಿನ ತಡೆಯುತ್ತೆ.

ಕಡತಪ್ರಿಯೆ:

ಸತ್ತ ಮೇಲೆ ಆದದ್ದು ಇನ್ನೂ ಕಹಿ. ಕಾಚಿಕಾಟಾ ಕುಠಿಯ ಆರ್ಚಿಬಾಲ್ಡ್ ಹಿಲ್ಸ್ ಅನ್ನುವ ದೊರೆ ಹರಮಣಿ ಅನ್ನುವ ರೈತಾಪಿ ಹೆಣ್ಣುಮಗಳನ್ನು ಎತ್ತಿಕೊಂಡು ಹೋಗಿ ಬಂಗಲೆಯಲ್ಲಿ ಇರಿಸಿಕೊಂಡ ಅಂತ ಪೇಟ್ರಿಯಟ್ ಪ್ರಕಟಿಸಿತ್ತು. ನೀರು ತರಲು ಹೋದವಳನ್ನು ಹಿಡಿದರು ಅನ್ನುವುದು ದೂರು. ಹಿಲ್ಸ್ 10,000 ರೂಪಾಯಿ ಮಾನನಷ್ಟ ಕೇಳಿ ದಾವೆ ಹೂಡಿದ. ಹರೀಶರು ತೀರಿಕೊಂಡರೂ ದಾವೆ ನಿಲ್ಲಲಿಲ್ಲ, ವಿಧವೆಯ ಮೇಲೆ ಮುಂದುವರಿಯಿತು. ಕೊನೆಗೆ 1000 ರೂಪಾಯಿ ಕೋರ್ಟು ಖರ್ಚು ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ತಿಂಗಳಿಗೆ 400 ಎಣಿಸುತ್ತಿದ್ದ ಮನುಷ್ಯನ ಮನೆಯಲ್ಲಿ ಆ ದುಡ್ಡೂ ಇರಲಿಲ್ಲ. ಮನೆ ಉಳಿಯುತ್ತೋ ಇಲ್ಲವೋ ಅನ್ನುವ ಸ್ಥಿತಿ.

ಹರಮಣಿಗೆ ನ್ಯಾಯ ಸಿಗಲಿಲ್ಲ. ಅವಳ ಹೆಸರು ನಮಗೆ ಗೊತ್ತಿರುವುದೇ ಆ ಕಾಲದ ದೂರು, ದಾವೆಗಳ ಕಾಗದದಿಂದ.

ಕಾಗದದ ಮಾತು ಬಂತಲ್ಲ, ಒಂದು ಅಡ್ಡ ಸಂಗತಿ. ಆಗ ನದಿಯಾದ ಮ್ಯಾಜಿಸ್ಟ್ರೇಟ್ ವಿಲಿಯಂ ಹರ್ಷಲ್. ಬೆರಳಚ್ಚಿನ ಚರಿತ್ರೆಯಲ್ಲಿ ಬರುವ ಅದೇ ಹರ್ಷಲ್. 1858ರಲ್ಲಿ ಒಬ್ಬ ಕಂತ್ರಾಟುದಾರನ ಅಂಗೈ ಗುರುತು ತೆಗೆದುಕೊಂಡು ಶುರು ಮಾಡಿದ್ದವರು, ನೀಲಿ ಗಲಾಟೆಯಲ್ಲಿ ಸುಳ್ಳು ಒಪ್ಪಂದಗಳ ರಾಶಿ ನೋಡಿದ ಮೇಲೆ ಅದರ ಬಗ್ಗೆ ಇನ್ನಷ್ಟು ಗಂಭೀರವಾಗಿ ಯೋಚಿಸಿದರು. ಇವತ್ತು ರೇಷನ್ ಅಂಗಡಿಯಲ್ಲಿ ನಾವು ಹೆಬ್ಬೆಟ್ಟು ಒತ್ತುವ ಯಂತ್ರದ ಮುತ್ತಜ್ಜನಿಗೂ ನೀಲಿ ಹೊಲಕ್ಕೂ ನಂಟಿದೆ.

ಬಯಲುಸೀಮೆ_ಹೊಲ:

ಹೆಬ್ಬೆಟ್ಟು ತಗೊಳ್ಳದೆ ಅಮ್ಮನನ್ನು ಎರಡು ಸಲ ವಾಪಸ್ ಕಳಿಸಿದ್ದಾರೆ. ಹರ್ಷಲ್ ಸಾಹೇಬರಿಗೆ ನಮಸ್ಕಾರ ತಿಳಿಸಿ.

ಆಯೋಗ ಏನು ಹೇಳಿತು ಕೊನೆಗೆ?

ಕಡತಪ್ರಿಯೆ:

1860ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಈ ಪದ್ಧತಿಯೇ ಕೆಟ್ಟದ್ದು, ರೈತನಿಗೆ ಇದರಲ್ಲಿ ಲಾಭ ಇಲ್ಲ, ಒತ್ತಾಯದಿಂದ ನಡೆಯುತ್ತಿದೆ ಅಂತ ಒಪ್ಪಿತು. ಹಳೇ ಬಾಕಿ ತೀರಿಸಬೇಕು, ಮುಂದೆ ಬಿತ್ತುವುದು ರೈತನ ಇಷ್ಟ. ಫರೀದ್‌ಪುರದಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದ ಡಿ ಲಾಟೂರ್, ಮನುಷ್ಯರ ರಕ್ತ ಅಂಟದ ನೀಲಿ ಪೆಟ್ಟಿಗೆ ಒಂದೂ ಇಂಗ್ಲೆಂಡ್ ತಲುಪಿಲ್ಲ ಅನ್ನುವ ಅರ್ಥದ ಸಾಕ್ಷ್ಯ ಕೊಟ್ಟರು. ಅದೇ ಹೊತ್ತಿಗೆ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಗ್ರಾಂಟ್ ಬೇರೆ ಕೆಲಸಕ್ಕೆ ಕುಮಾರ್, ಕಾಳಿಗಂಗಾ ನದಿಗಳಲ್ಲಿ ಸ್ಟೀಮರ್ ಹತ್ತಿದರು. 60-70 ಮೈಲಿ ಉದ್ದಕ್ಕೆ ಎರಡೂ ದಡದಲ್ಲಿ ಜನ ನಿಂತಿದ್ದರು. ಹೆಂಗಸರೂ ಬಂದಿದ್ದರು. ಕೂಗಿದ್ದು ಒಂದೇ ಮಾತು, ನ್ಯಾಯ ಬೇಕು. ಗ್ರಾಂಟ್ ಅದನ್ನು ಕಡತದಲ್ಲೇ ಬರೆದಿಟ್ಟರು.

ಕೆಳ ಬಂಗಾಳದಲ್ಲಿ ನೀಲಿ ಕುಠಿಗಳು ಒಂದೊಂದಾಗಿ ಮುಚ್ಚಿದವು. ವ್ಯವಹಾರ ಬಿಹಾರದಲ್ಲಿ ಬೆಳೆಯಿತು. 1917ರಲ್ಲಿ ಗಾಂಧೀಜಿ ಚಂಪಾರಣ್‌ಗೆ ಹೋದಾಗ ಅಲ್ಲಿ ಕಂಡದ್ದು ಇದರ ದಾಯಾದಿಯನ್ನೇ.

ಮೇಷ್ಟ್ರು_ನಿವೃತ್ತ:

ನನ್ನ ಎರಡನೇ ಪ್ರಶ್ನೆಗೆ, ಜಮೀನ್ದಾರರ ಅಸೋಸಿಯೇಷನ್ ಬಗ್ಗೆ ಕೇಳಿದ್ದಕ್ಕೆ, ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನಾನೇ ಮುಂದುವರಿಸುತ್ತೇನೆ.

ಹರೀಶರು ಹೋದ ಮೇಲೆ ಕಾಳೀಪ್ರಸನ್ನ ಸಿಂಹ 5000 ರೂಪಾಯಿಗೆ ಪೇಟ್ರಿಯಟ್ ಕೊಂಡರು. ಕುಟುಂಬಕ್ಕೆ ಆಸರೆ ಆಯಿತು, ಒಳ್ಳೆ ಕೆಲಸ. ಆಮೇಲೆ ಅದು ಈಶ್ವರಚಂದ್ರ ವಿದ್ಯಾಸಾಗರರ ಕೈಗೆ ಬಂತು. ಅವರು ಕೃಷ್ಣದಾಸ ಪಾಲ್ ಅನ್ನುವ ಯುವಕನನ್ನು ಸಂಪಾದಕನನ್ನಾಗಿ ಕೂರಿಸಿದರು. 1862ರಲ್ಲಿ ಪತ್ರಿಕೆ ಒಂದು ಟ್ರಸ್ಟಿಗೆ ಹೋಯಿತು. ಟ್ರಸ್ಟಿಗಳು ಯಾರು? ಬ್ರಿಟಿಷ್ ಇಂಡಿಯನ್ ಅಸೋಸಿಯೇಷನ್‌ನವರು. ಪಾಲ್ 1884ರಲ್ಲಿ ಸಾಯುವವರೆಗೂ ಸಂಪಾದಕರು. ಬಹಳ ಸಮರ್ಥರು, ಒಪ್ಪುತ್ತೇನೆ. ಆದರೆ ಬಂಗಾಳದ ಗೇಣಿ ಮಸೂದೆ ಬಂದಾಗ ಅವರು ಶಾಸನಸಭೆಯಲ್ಲಿ ಕೂತು ವಾದಿಸಿದ್ದು ಜಮೀನ್ದಾರರ ಪರವಾಗಿ. ರೈತನಿಗೆ ಭೂಮಿಯ ಮೇಲೆ ಹಕ್ಕು ಗಟ್ಟಿಮಾಡುವ ಮಸೂದೆ ಅದು, 1885ರಲ್ಲಿ ಕಾನೂನಾಯಿತು. ರೈತರಿಗೆ ಊಟ ಹಾಕಿದ ಪತ್ರಿಕೆ ಇಪ್ಪತ್ತೇ ವರ್ಷದಲ್ಲಿ ರೈತರ ಎದುರು ಪಾಳಯದಲ್ಲಿತ್ತು.

ಇದು ಸುಮ್ನೆ ಆದ ಅಪಘಾತವೇ? ಬೀಜ ಮೊದಲೇ ಇತ್ತು ಅನ್ನುತ್ತೇನೆ ನಾನು. ಎದುರಾಳಿ ಬಿಳಿ ದೊರೆ ಆಗಿದ್ದಾಗ ರೈತನ ಪರ ನಿಲ್ಲುವುದು ಸುಲಭ. ಎದುರಾಳಿ ತಮ್ಮದೇ ಸಭೆಯ ಜಮೀನ್ದಾರ ಆದಾಗ ಗೊತ್ತಾಗುತ್ತೆ.

ಹಳೇಪೇಪರ್:

ಪತ್ರಿಕೆಯ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಮನುಷ್ಯನ ಬಗ್ಗೆ ಪೂರ್ತಿ ಒಪ್ಪುವುದಿಲ್ಲ. ಅಸೋಸಿಯೇಷನ್‌ನಲ್ಲಿ ಅವರು ಜಮೀನಿಲ್ಲದ ಸದಸ್ಯ, ಅರ್ಜಿಗಳ ಕರಡು ಬರೆಯುವ ಕೈ. ಆ ಸಭೆಯಲ್ಲಿ ಇದ್ದದ್ದರಿಂದಲೇ ಅವರ ಮಾತಿಗೆ ತೂಕ ಬಂತು. ಆದರೆ ಜಮೀನ್ದಾರರ ವಿರುದ್ಧ ನೀಲಿಯಷ್ಟೇ ಖಾರವಾಗಿ ಬರೆಯುತ್ತಿದ್ದರೇ ಅಂದರೆ, ಬದುಕಿದ್ದಷ್ಟು ದಿನದ ಬರಹದಲ್ಲಿ ಆ ಖಾರ ನನಗೂ ಕಂಡಿಲ್ಲ. ಇನ್ನು ಬೀಜ ಅಂತೀರಿ. ಪತ್ರಿಕೆ ಟ್ರಸ್ಟಿಗೆ ಹೋದದ್ದು ದುಡ್ಡಿಲ್ಲದೆ. ಸಂಬಳದಲ್ಲಿ ಪೇಪರ್ ನಡೆಸುವ ಇನ್ನೊಬ್ಬ ಹುಚ್ಚ ಸಿಗಲಿಲ್ಲ. ದುಡ್ಡು ಹಾಕಿದವರ ಮಾತು ನಡೆಯಿತು.

ಮೇಷ್ಟ್ರು_ನಿವೃತ್ತ:

'ದುಡ್ಡು ಹಾಕಿದವರ ಮಾತು ನಡೆಯಿತು' ಅಂದಿರಲ್ಲ, ನಾನು ಹೇಳುತ್ತಿರುವುದೂ ಅದೇ ಸ್ವಾಮಿ. ನೀವು ಅದನ್ನು ದುರದೃಷ್ಟ ಅನ್ನುತ್ತೀರಿ, ನಾನು ವರ್ಗ ಅನ್ನುತ್ತೇನೆ.

ಕಲ್ಕತ್ತಾ_ಕನ್ನಡಿಗ:

ಇವರ ಬರಹ ಎಲ್ಲಾದರೂ ಓದಲು ಸಿಗುತ್ತಾ? ಮೂಲವೇ ಓದಬೇಕು ಅನ್ನಿಸಿದೆ.

ಕಡತಪ್ರಿಯೆ:

ಆಯ್ದ ಬರಹಗಳ ಒಂದು ಸಂಕಲನ 1910ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಗಿದೆ. ನೀವು ಅಲ್ಲೇ ಇದ್ದೀರಲ್ಲ, ಅಲಿಪುರದ ನ್ಯಾಷನಲ್ ಲೈಬ್ರರಿಯಲ್ಲಿ ಕೇಳಿ ನೋಡಿ. ಹರೀಶರು ಸಂಜೆ ಕೂತು ಓದುತ್ತಿದ್ದ ಕಲ್ಕತ್ತಾ ಪಬ್ಲಿಕ್ ಲೈಬ್ರರಿಯ ಪುಸ್ತಕಗಳೇ ಮುಂದೆ ಇಂಪೀರಿಯಲ್ ಲೈಬ್ರರಿ ಸೇರಿ, ಅದು ನ್ಯಾಷನಲ್ ಲೈಬ್ರರಿ ಆದದ್ದು. ಮೊದಲು 1857ರ ಮೇ ತಿಂಗಳ ಲೇಖನ ಓದಿ, ಆಮೇಲೆ ನೀಲಿಯವು. ವಾಕ್ಯಗಳು ಉದ್ದ, ವಿಕ್ಟೋರಿಯನ್ ಇಂಗ್ಲಿಷ್. ಎರಡು ಪುಟ ಆದ ಮೇಲೆ ಅಭ್ಯಾಸ ಆಗುತ್ತೆ.

ಫೋಟೋ ತೆಗೆಯಲು ಬಿಟ್ಟರೆ ನೀಲಿ ಲೇಖನಗಳ ಪುಟಗಳನ್ನು ಇಲ್ಲಿ ಹಾಕಿ. ಒಂದೆರಡನ್ನು ಕನ್ನಡಕ್ಕೆ ಮಾಡಲು ನಾನು ಕೂರುತ್ತೇನೆ. ಮೇಷ್ಟ್ರು ತಿದ್ದಿಕೊಡಲಿ, ಜಗಳ ಆಡುತ್ತಲೇ.

ಮೇಷ್ಟ್ರು_ನಿವೃತ್ತ:

ತಿದ್ದುತ್ತೇನೆ. ಜಮೀನ್ದಾರರ ಬಗ್ಗೆ ಬರೆದದ್ದು ಏನಾದರೂ ಕಂಡರೆ ಅದನ್ನೂ ಬಿಡಬೇಡಿ.